ಏಳನೇ ರೀಲು

ಭಾನುವಾರ ನಾಲ್ಕೂವರೆಗೆ ಬಂದರಿನ ಹೋಟೆಲಿನಲ್ಲಿ
ಗೋಳಿಬಜೆ ಮೇಜಿಗೆ ಬರುವ ಮೊದಲೇ ಸುರುವಾಗ್ತದೆ ಜಗಳ.
ಹಳೇ ದೆವ್ವದ ಚಿತ್ರ, ಪತ್ತೇದಾರಿ ಚಿತ್ರ,
ಮುಖವಾಡದ ಕಳ್ಳ ರೈಲಿನ ಮೇಲೆ ಓಡುವ ಚಿತ್ರ,
ಇವುಗಳ ಹುಚ್ಚು ಇಳಿಯದ ನಾಲ್ಕು ಮುದಿಜೀವ ನಾವು.

"ಆ ಬಂಗಲೆ ಚಿತ್ರ ಉಂಟಲ್ಲ, ಏಳನೇ ರೀಲು,
ದೆವ್ವದ ಎಡಗೈಯಲ್ಲಿ ವಾಚು!" ಲಿಗೋರಿ ಹೇಳ್ತಾನೆ.
"ನಾಲ್ಕು ಹತ್ತು ತೋರಿಸ್ತದೆ, ನಡುರಾತ್ರಿಯ ಸೀನಿನಲ್ಲಿ."
"ವಾಚಲ್ಲ ಮಾರಾಯ, ಬಳೆ," ಮೊಯ್ದಿನಬ್ಬ.
"ಬಳೆಗೆ ಮುಳ್ಳು ಇರ್ತದಾ?"
ಸುಗಂಧಿ ಟೀಚರಿಗೆ ಎರಡೂ ಬೇಡ.
"ಬಾಗಿಲು ತೆರೆಯುವ ತನಕ ನೋಡಬೇಕು,
ಎದ್ದು ಮನೆಗೆ ಹೋಗಬೇಕು.
ತೆರೆದ ಮೇಲೆ ಎಂಥ ಉಂಟು? ಹಿಟ್ಟು ಬಳಿದ ಮುಖ."

ಆಮೇಲೆ ಮೂವರೂ ನನ್ನ ಕಡೆ ತಿರುಗ್ತಾರೆ,
ನಾನು ರೀಲು ಹೊತ್ತವನಲ್ಲವಾ.

ಒಂದೇ ಪ್ರಿಂಟು, ಎರಡು ಟಾಕೀಸು ಆಗ.
ಹಂಪನಕಟ್ಟೆಯ ಶ್ರೀಲೋಕದಲ್ಲಿ ಆರಕ್ಕೆ,
ಕಂಕನಾಡಿಯ ಮರ್ಕ್ಯುರಿಯಲ್ಲಿ ಆರೂ ಮುಕ್ಕಾಲಿಗೆ.
ನಡುವೆ ಫಳ್ನೀರಿನ ಏರು,
ನನ್ನ ಸೈಕಲ್ಲು, ಕ್ಯಾರಿಯರಿನಲ್ಲಿ ಎರಡು ಡಬ್ಬಿ.
ಮಳೆ ಬಂದರೆ ನನ್ನ ಅಂಗಿ ಬಿಚ್ಚಿ ಡಬ್ಬಿಗೆ ಹೊದಿಸಬೇಕು,
ಮ್ಯಾನೇಜರನ ಕಾನೂನು.
ಹದಿನಾಲ್ಕು ವರ್ಷ ನನಗೆ. ಇಲ್ಲಿ ಚೈನು ತಪ್ಪಿದರೆ
ಅಲ್ಲಿ ಶಿಳ್ಳೆ.

ಗೊತ್ತಿರುವುದು ಸುಮಾರುಂಟು ನನಗೆ.
ಊಳಿಡುವುದು ನರಿಯಲ್ಲ, ಮೇಕಪ್ಪಿನವನ ಭಾವ;
ಆಪರೇಟರ್ ವಿಕ್ಟರಣ್ಣ ಹೇಳಿದ್ದು.
ಹಾರುವ ಬಾವಲಿ ಕೊಡೆಯ ಬಟ್ಟೆ.
ಅದೇ ಬಂಗಲೆ, ಅದೇ ಮೆಟ್ಟಿಲು ಮೂರು ಚಿತ್ರದಲ್ಲಿ,
ಕಿಟಕಿಯ ಪರದೆ ಮಾತ್ರ ಬೇರೆ.
ಒಂದರಲ್ಲಿ ಸತ್ತ ಜಮೀನ್ದಾರ ಇನ್ನೊಂದರಲ್ಲಿ ಅಡುಗೆಯವ.
ಕೊಲೆಗಾರನನ್ನು ಎರಡನೇ ರೀಲಿಗೇ ಹಿಡಿಯಬಲ್ಲೆ:
ಯಾರ ಬೂಟಿಗೆ ಹೊಸ ಪಾಲಿಶೋ, ಅವ.

ಗೊತ್ತಿಲ್ಲದ್ದು ಏಳನೇ ರೀಲು.
ಶ್ರೀಲೋಕದಲ್ಲಿ ಅದು ಓಡುವಾಗ
ನಾನು ಐದು, ಆರು ಹೊತ್ತು ಏರಿನಲ್ಲಿ.
ಮರ್ಕ್ಯುರಿಯಲ್ಲಿ ಓಡುವಾಗ
ಒಂಬತ್ತು, ಹತ್ತು ತರಲಿಕ್ಕೆ ಇಳಿಜಾರಿನಲ್ಲಿ.
ನಲವತ್ತೊಂದು ದಿನ ಓಡಿತು ಚಿತ್ರ.
ಇದನ್ನು ಈ ಮೇಜಿಗೆ ಯಾವತ್ತೂ ಹೇಳಿಲ್ಲ.

ಒಮ್ಮೆ ಪಂಕ್ಚರಿನ ನೆವದಲ್ಲಿ ಐದು ನಿಮಿಷ ಕದ್ದು
ಮರ್ಕ್ಯುರಿಯ ತಗಡಿನ ಗೋಡೆಗೆ ಕಿವಿಯಿಟ್ಟೆ.
ಬಾಗಿಲು ಕಿರುಗುಟ್ಟಿತು.
ಆರುನೂರು ಜನ ಒಟ್ಟಿಗೆ ಉಸಿರು ಎಳೆದರು.
ಯಾರದೋ ಸೋಡಾ ಬಾಟ್ಲಿ ಉರುಳಿ, ಉರುಳಿ
ಪರದೆಯ ಬುಡದ ತನಕ ಹೋಯಿತು.
ಆಮೇಲೆ ಕೂಗು.
ಆ ಕೂಗಿಗೆ ತಕ್ಕ ಮುಖ ಯಾವುದೆಂದು
ಐವತ್ತು ವರ್ಷ, ನಿದ್ದೆ ಬಾರದ ರಾತ್ರಿ,
ಬಿಡಿಸಿ ಅಳಿಸಿ ಬಿಡಿಸಿ ನೋಡಿದ್ದೇನೆ.

ಮೊನ್ನೆ ಮೊಯ್ದಿನಬ್ಬನ ಮೊಮ್ಮಗ ಅಯ್ಮನ್ ಮೊಬೈಲು ತಂದ.
"ಅಜ್ಜಾ, ನಿಮ್ಮ ಬಂಗಲೆ ಸಿಕ್ಕಿತು. ಪೂರ್ತಿ ಉಂಟು."
ಚಟ್ನಿ ಪಾತ್ರೆಗೆ ಒರಗಿಸಿ ಇಟ್ಟೆವು.
ನರಿ, ಬಾವಲಿ, ಮೆಟ್ಟಿಲು. ನನ್ನ ಚಾ ತಣಿಯಿತು.
ಬಾಗಿಲಿನ ಮೇಲೆ ಒಂದು ಕೈಯ ನೆರಳು ಬಂತು,
ಕಪ್ಪಾಯಿತು, ಎರಡು ಗೀರು,
ಟಪ್ಪನೆ ಬೆಳಗು.
ನಾಯಕಿ ತುಳಸಿಗೆ ನೀರು ಹಾಕುತ್ತಿದ್ದಾಳೆ.

ರೀಲೇ ಇಲ್ಲ. ಯಾವ ಊರಿನ ಯಾವ ಹುಡುಗ
ಯಾವ ಏರಿನಲ್ಲಿ ಬೀಳಿಸಿದನೋ.
ಲಿಗೋರಿ ಮೇಜಿಗೆ ಗುದ್ದಿದ. ಟೀಚರ್ ನಕ್ಕರು,
ಕೇಸು ಅವರೇ ಗೆದ್ದ ಹಾಗೆ.
ನನಗೆ, ಹೇಳಬಾರದು, ಸ್ವಲ್ಪ ಸಮಾಧಾನ.

"ಇನ್ನು ನೀನೇ ಹೇಳಬೇಕಷ್ಟೆ ವಾಮನಾ," ಮೊಯ್ದಿನಬ್ಬ,
"ದಿನಾ ನೋಡಿದವ ನೀನೊಬ್ಬ. ವಾಚಾ, ಬಳೆಯಾ?"
ಬೆರಳಿನ ಎಣ್ಣೆ ಕಾಗದಕ್ಕೆ ಒರೆಸಿದೆ.
"ಎರಡೂ. ಬಲಗೈಯಲ್ಲಿ ಬಳೆ, ಎಡಗೈಯಲ್ಲಿ ವಾಚು.
ವಾಚು ನಿಂತಿತ್ತು."

ಲಿಗೋರಿ ಡೈರಿ ತೆಗೆದು ಬರೆದುಕೊಂಡ.