ತಪ್ಪಾಯಿತು

ನಾಲ್ಕರ ಪಕ್ಕ ಒಂದು ಯೂ.
ಡಾಕ್ಟರು ಅವಸರದಲ್ಲಿ ಗೀಚಿದ್ದು,
ಬಾಯಿ ಮುಚ್ಚಿಕೊಂಡ ಯೂ.
ನಾನು ಓದಿದ್ದು ನಲವತ್ತು.

ರಾಜಾಜಿನಗರ, ಮೂರನೇ ಮಹಡಿ, ಹೆಂಗಸರ ವಾರ್ಡು.
ರಾತ್ರಿ ಒಂಬತ್ತೂವರೆ.
ಮೂವತ್ತೆರಡು ಮಂಚಕ್ಕೆ ನಾವಿಬ್ಬರು,
ಇಬ್ಬರಲ್ಲಿ ಒಬ್ಬಳು ರಕ್ತದ ಬಾಟಲಿ ತರಲು ಕೆಳಗೆ ಹೋಗಿದ್ದಳು.
ಇನ್ಸುಲಿನ್ನಿನ ಕೆಂಪು ಟೋಪಿ ಸಿರಿಂಜು
ಕತ್ತಿನ ತನಕ ತುಂಬಿದಾಗ
ಕೈ ಒಂದು ಗಳಿಗೆ ತಡೆಯಿತು, ಸುಳ್ಳು ಯಾಕೆ.
ಅಷ್ಟರಲ್ಲಿ ಹದಿನೇಳನೇ ಮಂಚದ ಡ್ರಿಪ್ಪು ಮುಗಿದು
ಯಾರೋ ಸಿಸ್ಟರ್ ಎಂದು ಕೂಗಿದರು.
ಅನುಮಾನಪಡುವುದಕ್ಕೂ ಪುರುಸೊತ್ತು ಬೇಕು.

ಹನ್ನೆರಡೂಕಾಲಿಗೆ ಹೊನ್ನಗಂಗಮ್ಮ
ಹಿಂಡದೆ ಬಿಟ್ಟ ಬಟ್ಟೆಯ ಹಾಗೆ ಬೆವತು ಬಿದ್ದಿದ್ದಾಳೆ.
ಕರೆದರೆ ಕಣ್ಣು ಬಿಡಳು. ಏನೋ ಲೆಕ್ಕ ಒದರುತ್ತಾಳೆ:
ನೂರಾ ಹತ್ತು, ನೂರಾ ಇಪ್ಪತ್ತು, ಮತ್ತೆ ನೂರಾ ಹತ್ತು.
ಬೆರಳು ಚುಚ್ಚಿದರೆ ರಕ್ತವೇ ಬರಲೊಲ್ಲದು.
ಮದುವೆಗೆ ಮುಂಚಿನಿಂದ ಊದುಬತ್ತಿ ಹೊಸೆದ ಬೆರಳು,
ಸೂಜಿಗೆ ಸುಲಭಕ್ಕೆ ಬಾಗಿಲು ತೆಗೆಯುವ ಚರ್ಮವಲ್ಲ.
ಕಿವಿಯ ತುದಿ ಚುಚ್ಚಿದೆ.
ಮೂವತ್ತೊಂದು.

ಸಕ್ಕರೆಯ ನೀರನ್ನು ನರಕ್ಕೆ ತಳ್ಳುತ್ತಲೇ
ಕೇಸ್‌ಶೀಟನ್ನು ಮೊಣಕೈಯಿಂದ ತಿರುವಿ ನೋಡಿದೆ.
ಸೊನ್ನೆಯ ನೆತ್ತಿಯಲ್ಲಿ
ಕೂದಲೆಳೆಯಷ್ಟು ಬಿರುಕು.

ಬೆಳಗಿನ ಜಾವ ಎದ್ದು ಕೂತು ಕಾಫಿ ಕೇಳಿದಳು.
ಮೊದಲ ಮೆಟ್ರೊ ಕಿಟಕಿಯಾಚೆ ಖಾಲಿ ಹೋಯಿತು.
ನಾನು ಫಾರಂ ತೆಗೆದೆ.

"ಹೆಚ್ಚುವರಿ ಪ್ರಮಾಣ ನೀಡಲ್ಪಟ್ಟಿತು" ಎಂದು ಬರೆದೆ.
ಯಾರಿಂದ?
ದೀಪ ಉರಿಯುತ್ತಿದೆ, ಬಾಗಿಲು ತೆರೆದಿದೆ,
ಆ ವಾಕ್ಯದ ಒಳಗೆ ಜನವಿಲ್ಲ.
ಹೊಡೆದು ಹಾಕಿ "ತಪ್ಪಾಯಿತು" ಎಂದೆ.
ಬೆಳಗಾಯಿತು, ಸಂಜೆಯಾಯಿತು ಅನ್ನುವ ಹಾಗೆ
ತಪ್ಪೂ ತಾನಾಗಿಯೇ ಆದಂತೆ.
ಅದೇ ಮಾತನ್ನು ತಲೆ ತಗ್ಗಿಸಿ ಅಂದರೆ
ಎದುರಿಗಿದ್ದವರು ಹೋಗಲಿ ಬಿಡು ಅನ್ನುತ್ತಾರೆ.
ಕಾಗದಕ್ಕೆ ತಗ್ಗಿದ ತಲೆ ಕಾಣುವುದಿಲ್ಲ.
ಮೂರನೇ ಸಲ:
ಯೂ ಅನ್ನು ಸೊನ್ನೆ ಎಂದು ಓದಿದೆ. ನಲವತ್ತು ಕೊಟ್ಟೆ.
ಹೆಸರು, ಇಷ್ಟವಿದ್ದಲ್ಲಿ ಮಾತ್ರ, ಅಂತ ಒಂದು ಗೆರೆ.
ಜಸಿಂತಾ ಮೊರಾಸ್.

"ಬದುಕಿಕೊಂಡಳಲ್ಲ, ಇನ್ಯಾಕೆ ಬರೀತೀಯೆ?"
ಮೇಟ್ರನ್ ರಾಜಮ್ಮಣ್ಣಿ, ಕೆಟ್ಟವರೇನಲ್ಲ.
"ತಿಂಗಳ ಕೊನೆಗೆ ಇನ್‌ಸ್ಪೆಕ್ಷನ್ನು ಬೇರೆ."
ಆದರೂ ಲಿಫ್ಟಿನ ಪಕ್ಕದ ಪೆಟ್ಟಿಗೆ ತೋರಿಸಿದರು.

ಪೆಟ್ಟಿಗೆಗೆ ಬೀಗವಿತ್ತು, ಬೀಗಕ್ಕೆ ಕೀಲಿ ಇರಲಿಲ್ಲ.
ಸೋಮವಾರ ಎಲೆಕ್ಟ್ರಿಷಿಯನ್ ಮುನಾವರ್
ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದ.
ಒಂದು ಚಾಕೊಲೇಟ್ ಸಿಪ್ಪೆ,
ಫ್ಯಾನು ತಿರುಗುವುದಿಲ್ಲ ಎಂಬ ದೂರು,
ನನ್ನ ಫಾರಂ,
ಅದರಡಿ ಹಳದಿಗಟ್ಟಿದ ಇನ್ನೊಂದು.
ಗಂಡಸರ ವಾರ್ಡು, ಹೋದ ವರ್ಷದ ಹಿಂದಿನ ವರ್ಷ.
ಆರರ ಪಕ್ಕ ಒಂದು ಯೂ.
ಹೆಸರಿನ ಗೆರೆ ಖಾಲಿ. ರೋಗಿಗೆ ಆದ ಹಾನಿ: ನಾಲ್ಕು ಚೌಕಗಳಲ್ಲಿ
ಕೊನೆಯದಕ್ಕೆ ಗುರುತು,
ಪೆನ್ನು ಕಾಗದ ಹರಿಯುವಷ್ಟು ಒತ್ತಿ.

ಯಾರಾಗಿದ್ದೆಯೇ ನೀನು?
ಈಗ ಎಲ್ಲಿ ಕೆಲಸ ಮಾಡುತ್ತೀಯ?

ಅವತ್ತು ರಾತ್ರಿ ಹೊನ್ನಗಂಗಮ್ಮನ ಮಂಚದಂಚಿಗೆ ಕೂತು
ಒಂದನ್ನೂ ಬಿಡದೆ ಹೇಳಿದೆ.
ಅವಳು ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆಯುತ್ತ ಕೇಳಿದಳು.
"ನಮ್ಮಲ್ಲಿ ಸಾವಿರಕ್ಕೆ ಹತ್ತು ಕಡ್ಡಿ ಸೊಟ್ಟಗಿದ್ರೆ
ಮೇಸ್ತ್ರಿ ಇಡೀ ಸಾವಿರದ ಕೂಲಿ ಮುರೀತಾನೆ.
ನಿಮಗೆಷ್ಟು ಮುರೀತಾರೆ?"

ಬಾಯಿಗೆ ಬಂದದ್ದು ಅದೊಂದೇ ಪದ,
ಮೊದಲು ಹೊಡೆದು ಹಾಕಿದ್ದು.
ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಹತ್ತು ಗಂಟೆಯ ಸಕ್ಕರೆ ನೋಡಬೇಕಿತ್ತು.
ಕೈ ಚಾಚಿದಳು:
"ಕಿವಿ ಬ್ಯಾಡ. ಇದರಲ್ಲೇ ನೋಡಿ,
ಎಷ್ಟು ಹೊತ್ತಾದರೂ ಆಗಲಿ."