ಆಕಾಶದ ಬಾವಿ

ಹೈಫಾಂಗಿನ ಈ ಓಣಿಯಲ್ಲಿ ಮನೆಗಳು
ಕಪಾಟಿನ ಪುಸ್ತಕಗಳ ಹಾಗೆ ಬೆನ್ನು ತೋರಿಸಿ ನಿಂತಿವೆ.
ಅಗಲ ಮೂರೂವರೆ ಮೀಟರು. ಉದ್ದ ಹತ್ತೊಂಬತ್ತು.
ಎತ್ತರ, ಅವರವರಿಗೆ ಸಾಲ ಸಿಕ್ಕಷ್ಟು.

ಥೋವಾ ಅಜ್ಜಿಯದು ಐದು ಅಂತಸ್ತು.
ನೆಲದಲ್ಲಿ ಬೋಲ್ಟು, ಬೀಗ, ದೋಣಿಹಗ್ಗದ ಅಂಗಡಿ,
ಅದರ ಹಿಂದೆ ಸೊಸೆ ಕ್ವೆನಳ ಅಡಿಗೆಮನೆ.
ತುತ್ತತುದಿಯಲ್ಲಿ ಹಿರಿಯರ ಪೀಠ:
ಗಂಡ, ಮಾವ, ಹಡಗಿನೊಂದಿಗೆ ಮುಳುಗಿದ ಮೈದುನ,
ಪಟದೊಳಗೂ ಹುಬ್ಬು ಗಂಟಿಕ್ಕಿದ ಅತ್ತೆ.
ನಡುವೆ ಅರವತ್ತೆಂಟು ಮೆಟ್ಟಿಲು.

ಟೆಟ್ ಹಬ್ಬದ ಹಿಂದಿನ ದಿನ
ಬೇಯಿಸಿದ ಇಡೀ ಕೋಳಿಯ ತಟ್ಟೆ ಕೈಯಲ್ಲಿರುವಾಗ
ಅರವತ್ತೊಂದನೆಯದರಲ್ಲಿ
ಮೊಣಕಾಲು ಕೈಕೊಟ್ಟಿತು.
ಕೋಳಿ ಮೂರನೇ ಅಂತಸ್ತಿನವರೆಗೆ ಇಳಿದು ಹೋಯಿತಂತೆ.
ಅಜ್ಜಿ ಇದನ್ನು ನಗುತ್ತಲೇ ಹೇಳಿದಳು,
ಕಾಲು ನೀವಿಕೊಳ್ಳುತ್ತ.

ನಾನು ಲಿಫ್ಟಿಗೆ ಜಾಗ ಹುಡುಕಲು ಬಂದವಳು.
ಟೇಪು ಎಳೆದೆ, ಗೋಡೆ ಕುಟ್ಟಿ ಕಿವಿಗೊಟ್ಟೆ.
ಇಂಥ ಮನೆಯಲ್ಲಿ ಸುಮ್ಮನಿರುವ ಜಾಗ ಒಂದೇ,
ಐದೂ ಅಂತಸ್ತು ಕೊರೆದು ಬಿಟ್ಟ ಚೌಕ.
ಆಕಾಶದ ಬಾವಿ ಎನ್ನುತ್ತೇವೆ ನಾವು ಅದಕ್ಕೆ.
ಬೇರೆ ಬಾವಿಗಳಿಗೆ ಬಗ್ಗಿ ನೋಡಬೇಕು,
ಇದಕ್ಕೆ ಕತ್ತೆತ್ತಿ.

"ಇಲ್ಲೇ" ಎಂದ ಮಗ ಖಿಯೆಮ್.
ಸ್ಟೀಲಿನ ಬಾಗಿಲು, ಚಿನ್ನದ ಬಣ್ಣದ ಗುಂಡಿ.
ಎದುರುಮನೆಯವರನ್ನು ಮನಸ್ಸಿನಲ್ಲೇ ಕರೆದು
ಆಗಲೇ ತೋರಿಸುತ್ತಿದ್ದ.

ಕ್ವೆನ್ ಈರುಳ್ಳಿಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ.
"ಹನ್ನೊಂದೂ ಮುಕ್ಕಾಲಿಗೆ ಬಿಸಿಲು ಈ ಮಣೆಗೆ ಬರುತ್ತದೆ.
ಅರ್ಧ ಗಂಟೆ. ಅಷ್ಟೇ ನನ್ನ ಪಾಲು.
ಅದನ್ನೂ ಪೆಟ್ಟಿಗೆಗೆ ತುಂಬುತ್ತೀರಾ?"

ಚಿಕ್ಕಪ್ಪನೊಬ್ಬ ಫೋನಿನಲ್ಲಿ ಗುಡುಗಿದ:
ಯಂತ್ರವೊಂದು ಹಿರಿಯರ ತಲೆಗಿಂತ ಮೇಲೆ ಕೂರುವುದೆಂದರೇನು!
ಅಜ್ಜಿ ಎಲ್ಲರದೂ ಮುಗಿಯಲೆಂದು ಕಾದು,
"ನಾನು ಹೇಗೂ ಮೇಲೆ ಹೋಗುವವಳೇ.
ನಾಲ್ಕು ಸಲ ಹೋಗಿ ಬಂದು ರೂಢಿಯಾಗಲಿ" ಎಂದಳು.

ಏಳು ನಕ್ಷೆ ಹರಿದೆ.
ಎಂಟನೆಯದರಲ್ಲಿ ಗಾಜಿನ ಗೂಡು, ಮಾಡೂ ಗಾಜಿನದೇ.
ಒಬ್ಬ ಅಜ್ಜಿ, ಒಂದು ಮಡಚುವ ಸ್ಟೂಲು,
ಒಂದು ಕೋಳಿತಟ್ಟೆ ಹಿಡಿಯುವಷ್ಟು.
ಯಂತ್ರ ಕೆಳಗೆ, ಅಂಗಡಿಯ ಹಗ್ಗದ ಸುರುಳಿಗಳ ಪಕ್ಕ.
ಆದರೆ ಕಾಲಿಡುವ ತಳ ಗಾಜಲ್ಲ:
ಗೂಡು ಮೇಲಿದ್ದಷ್ಟು ಹೊತ್ತು ಅಡಿಗೆಮನೆಗೆ ನೆರಳು.
ಇದನ್ನು ಕ್ವೆನಳಿಗೆ ಮುಚ್ಚಿಡಲಿಲ್ಲ.
ಹತ್ತಿದವರು ಗೂಡನ್ನು ಕೂಡಲೇ ಕೆಳಗೆ ಕಳಿಸತಕ್ಕದ್ದು
ಎಂದು ಮನೆಯಲ್ಲಿ ಕಟ್ಟಳೆಯಾಯಿತು.
ಮೊಮ್ಮಗಳು ಬಣ್ಣದ ಪೆನ್ಸಿಲಿನಲ್ಲಿ ಬರೆದು
ತನ್ನ ಎತ್ತರಕ್ಕೆ ಅಂಟಿಸಿದಳು.

ಕೊನೆಯ ಕಂತು ಕೇಳಲು ಹೋದ ದಿನ ಹುಣ್ಣಿಮೆ.
ಕ್ವೆನ್ ಮಣೆಯ ಮುಂದೆ ಚಾಕು ಹಿಡಿದು ನಿಂತಿದ್ದಳು.
ಹೊತ್ತಾದರೂ ಮಣೆ ಕಪ್ಪಗೇ ಇತ್ತು.
"ನೆರಳು ಇಳಿದಿಲ್ಲ" ಎಂದಳು.
ಚಾಕು ಅಲ್ಲೇ ಬಿತ್ತು. ಇಬ್ಬರೂ ಮೆಟ್ಟಿಲಿಗೆ ಓಡಿದೆವು.
ನಾನು ಎಣಿಸಲಿಲ್ಲ.

ಗೂಡಿನ ಬಾಗಿಲು ತೆರೆದೇ ಇತ್ತು.
ಪೀಠದಲ್ಲಿ ಊದುಬತ್ತಿ ಅರ್ಧಕ್ಕಿಂತ ಕೆಳಗೆ.
ಸ್ಟೂಲಿನ ಮೇಲೆ ಥೋವಾ ಅಜ್ಜಿ,
ಮಡಿಲಲ್ಲಿ ಗೋಡೆಯಿಂದ ಇಳಿಸಿಕೊಂಡ ಅತ್ತೆಯ ಪಟ.
ಅಂಗಿಯ ತೋಳಿನಿಂದ ಅದರ ಗಾಜು ಒರೆಸುತ್ತಿದ್ದಳು.

"ಇವರಿಗೂ ಮೊಣಕಾಲೇ.
ಸಾಯುವವರೆಗೂ ನನ್ನ ಬೆನ್ನ ಹಿಂದೆ ಗೊಣಗುತ್ತ ಹತ್ತಿದರು.
ಒಂದು ಸಲ ಕೂತುಕೊಂಡೇ ಕೆಳಗಿಳಿಯಲಿ ಅಂತ.
ಗುಂಡಿ ಯಾವುದೆಂದು ಮರೆತುಹೋಯಿತು ನೋಡು."

ಕ್ವೆನ್ ಉಸಿರು ಬಿಟ್ಟಳು,
ಒಳಗೆ ಕೈಚಾಚಿ ಒತ್ತಿದಳು.
ತಲೆಯ ಮೇಲೆ ಬಿಸಿಲು ಹೊತ್ತುಕೊಂಡು
ಇಬ್ಬರು ಅತ್ತೆಯರು ಇಳಿದರು.
ನಾವು ಮೆಟ್ಟಿಲಲ್ಲಿ, ಪ್ರತಿ ತಿರುವಿನಲ್ಲೂ
ಅವರಿಗಿಂತ ತುಸು ಹಿಂದೆ.

ಕೆಳಗೆ ಮಣೆಯ ಮೇಲೆ ಇನ್ನೂ ಎರಡು ಬೆರಳಗಲ ಬಿಸಿಲು.
ಪಟವನ್ನು ಅದಕ್ಕೆ ಎದುರಾಗಿ ಒರಗಿಸಿ
ಕ್ವೆನ್ ಉಳಿದ ಸೊಪ್ಪು ಹೆಚ್ಚತೊಡಗಿದಳು.
ಕಂತಿನ ಮಾತು ನನ್ನ ಬಾಯಿಗೆ ಬರಲಿಲ್ಲ.

ಹುಬ್ಬಿನ ಗಂಟು ಬಿಚ್ಚಿತೆಂದು ಹೇಳಲಾರೆ.
ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ
ಕಂಡಿತು, ಅಷ್ಟೇ.