ಕಫ್

ನರ್ಸ್ ಹುಡುಗಿ ತೋಳಿಗೆ ಪಟ್ಟಿ ಸುತ್ತಿ
"ಕಫ್ ಸ್ವಲ್ಪ ಬಿಗಿ ಆಗ್ತದೆ, ಲಾದ್ರು ಮಾಸ್ಟ್ರೇ" ಅಂದಳು.
ನಲವತ್ತು ವರ್ಷ ಕಫ್ ಹೊಲಿದವನಿಗೆ!
ಕ್ಯಾನ್ವಾಸ್ ಇಲ್ಲ, ಕಾಜಾ ಇಲ್ಲ, ಗುಬ್ಬಿ ಇಲ್ಲ,
ಚರಚರ ಬಿಚ್ಚುವ ಪಟ್ಟಿ ಮಾತ್ರ.
ಉಬ್ಬಿತು, ಇನ್ನೂ ಉಬ್ಬಿತು,
ಬೆರಳ ತುದಿಯಲ್ಲಿ ಮಿಷನು ಓಡಿದ ಹಾಗೆ.
ನೂರ ತೊಂಬತ್ತು, ನೂರ ಹತ್ತು.
ಅವಳು ಮಾತಾಡಲಿಲ್ಲ.
ಇನ್ನೊಂದು ತೋಳು ಕೇಳಿದಳು.

ಹನ್ನೆರಡು ವರ್ಷದ ಹಿಂದೆ
ತಣ್ಣನೆಯ ಹಲಗೆಯಲ್ಲಿ ಅಂಗಾತ ಮಲಗಿಸಿ
ಒಬ್ಬ ಹುಡುಗ ನನ್ನ ಹೊಟ್ಟೆಗೆ ಗೆರೆ ಎಳೆದಿದ್ದ.
ಸ್ಕೇಲು ಇಟ್ಟು, ಉಸಿರು ಹಿಡಿದು.
ಕೈ ನಡುಗದ್ದು ನೋಡಿ ನನಗೆ ಧೈರ್ಯ ಬಂದಿತ್ತು.
ಗಡ್ಡೆ ಇಲ್ಲಿ; ಬೆಳಕು ಇಲ್ಲಿಂದ ಇಲ್ಲಿಯವರೆಗೆ.
ಅಂಚು ಎಷ್ಟು ಬಿಟ್ಟೆ ಅಂತ ಕೇಳಲಿಲ್ಲ ನಾನು.
ನಾವಾದರೆ ಒಂದಿಂಚು ಒಳಗೆ ಮಡಚಿ ಬಿಡ್ತೇವೆ,
ಮುಂದೆ ಮೈ ಬಂದರೆ ಬಿಚ್ಚಲಿಕ್ಕೆ.
ಚಾಕಿನ ಗೆರೆ ಒಂದು ಒಗೆತಕ್ಕೆ ಹೋಗ್ತದೆ.
ಅವನಿಟ್ಟ ಮೂರು ನೀಲಿ ಚುಕ್ಕೆ
ಇವತ್ತಿಗೂ ಉಂಟು, ಮೀಯುವಾಗ ಕಾಣ್ತದೆ.

ಗಡ್ಡೆ ಹೋಯಿತು. ಅದು ಸುಳ್ಳಲ್ಲ.
ಬಿಕರ್ನಕಟ್ಟೆಗೆ ಹೋಗಿ ಮೇಣದಬತ್ತಿ ಹಚ್ಚಿದೆವು, ಸೆವ್ರಿನ್ ಮತ್ತು ನಾನು.
ಆಮೇಲೆ ಕಂಕನಾಡಿಯ ಅಂಗಡಿಯಲ್ಲಿ ಎಷ್ಟು ಮದುಮಗರ ಸೂಟು!

ಈಗ ಡಾಕ್ಟರು ಪಟ ತೋರಿಸ್ತಾರೆ:
ಬಲದ ಕಿಡ್ನಿ ಸರಿ.
ಎಡದ್ದು, ಬೆಳಕಿನ ಬದಿಗೆ ಸಿಕ್ಕಿದ್ದು, ಒಣಗಿದ ಜೀಗುಜ್ಜೆಯ ಹೋಳು.
ರಕ್ತ ಸಾಲದು ಅಂತ ಅದರ ತಕರಾರು,
ಅದಕ್ಕೇ ಮೈಯೆಲ್ಲ ಒತ್ತಡ.
"ನೀರಿಗೆ ಹಾಕದ ಅಸ್ತರ" ಅಂದೆ.
"ಎಂತ?"
ಹೊಲಿಯುವ ಮೊದಲು ನೆನೆಸದಿದ್ದರೆ, ಡಾಕ್ಟ್ರೇ,
ಅಸ್ತರ ಒಳಗೊಳಗೇ ಕುಗ್ಗಿ
ಹೊರಗಿನ ಚಂದದ ಬಟ್ಟೆಯನ್ನು ಎಳೀತದೆ.
ಕತ್ತರಿ ತಪ್ಪಿದ್ದಲ್ಲ.
ಅವರು ಪೆನ್ನು ನಿಲ್ಲಿಸಿ
ತಮ್ಮ ಬಿಳಿ ಕೋಟಿನ ತುದಿ ಮಗುಚಿ ನೋಡಿದರು.
ಅದಕ್ಕೆ ಅಸ್ತರವೇ ಇಲ್ಲ.

ಮನೆಯಲ್ಲಿ ಉಪ್ಪಡ್ ಪಚ್ಚಿಲಿನ ಭರಣಿ ನೆರೆಮನೆಗೆ ಹೋಗಿದೆ.
ಸಪ್ಪೆ ಗಂಜಿ. ಸೆವ್ರಿನ್ ಕೂಡ ಅದನ್ನೇ ಉಣ್ತಾಳೆ,
ನಾನು ಬೇಡ ಅಂದರೂ, ಮುಖ ಗಂಟು ಹಾಕಿಕೊಂಡು.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ
ದಿನಾ ಬರೆದಿಡ್ತೇನೆ.
ನಿನ್ನೆ ಅಂಗಡಿಯ ಹುಡುಗ ನಿಸಾಮ್ ಅದನ್ನು ತೆರೆದು
"ಮಾಸ್ಟ್ರೇ, ನೂರ ಅರವತ್ತೆಂಟು, ತೊಂಬತ್ತಾರು,
ಇದು ಯಾರ ಅಳತೆ ಮಾರಾಯ್ರೆ?
ಬಟ್ಟೆ ಎಷ್ಟು ಮೀಟರ್ ಬೇಕು?"

"ಆಲ್ಟ್ರೇಷನ್ನಿಗೆ ಬಂದದ್ದು, ಬದಿಗಿಡು" ಅಂದೆ.
ಮಾತ್ರೆ ನುಂಗಿದೆ.
ಫಳ್ನೀರಿನ ಸೂಟು ನಾಳೆ ಕೊಡಲಿಕ್ಕುಂಟು,
ತೋಳು ಇನ್ನೂ ಕೂರಿಸಿ ಆಗಲಿಲ್ಲ.